ಕೈಯಲ್ಲಿ ಹಿಡಿದಿರುವಷ್ಟು ಹೊತ್ತಿನ ನೆನಪು

ಈ ವಾಕ್ಯದ ಕೊನೆಯ ಪದವನ್ನು ನಿಮ್ಮ ಕಣ್ಣು ಮುಟ್ಟುವ ತನಕ ಅದರ ಮೊದಲ ಪದವನ್ನು ನೀವು ಎಲ್ಲಿ ಇಟ್ಟುಕೊಂಡಿರುತ್ತೀರಿ? ಪುಟದ ಮೇಲೆ ಎಂದರೆ ಅದು ನುಣುಚಿಕೊಳ್ಳುವ ಉತ್ತರ. ಪುಟದ ಮೇಲಿರುವುದು ಶಾಯಿ ಮಾತ್ರ. ತಲೆಯಲ್ಲಿ ಎಂದರೆ ನಾನು ಮುಂದಿನ ಪ್ರಶ್ನೆ ಕೇಳಬೇಕಾಗುತ್ತದೆ: ಅಜ್ಜಿಯ ಮುಖ, ಮಗ್ಗಿ, ಸೈಕಲ್ ಹೊಡೆಯುವ ವಿದ್ಯೆ ಇವೆಲ್ಲ ಇರುವ ಜಾಗದಲ್ಲಿಯೇ? ಹಾಗಿದ್ದರೆ ನಾಳೆ ಬೆಳಿಗ್ಗೆ ಆ ಪದ ಅಲ್ಲಿ ಏಕೆ ಸಿಗುವುದಿಲ್ಲ?

ಕೆಲವು ವರ್ಷಗಳಿಂದ ನನ್ನ ಬಿಡುವಿನ ವೇಳೆಯನ್ನು ಈ ಪ್ರಶ್ನೆಗೇ ಕೊಟ್ಟಿದ್ದೇನೆ. ನಾನು ಮೂಡಿಗೆರೆಯ ಕಾಲೇಜೊಂದರಲ್ಲಿ ಭೌತವಿಜ್ಞಾನ ಕಲಿಸುತ್ತೇನೆ. ಅದರ ಜೊತೆಗೆ, ಮಿದುಳಿನ ನರಜಾಲಗಳನ್ನು ಸಮೀಕರಣಗಳಲ್ಲಿ ಬರೆದು ಕಂಪ್ಯೂಟರಿನಲ್ಲಿ ಓಡಿಸಿ ನೋಡುವ ಸಂಶೋಧನೆಯನ್ನು ಕೈಗೊಂಡಿದ್ದೇನೆ. ಮಾರ್ಗದರ್ಶಕರು ದೂರದ ನಗರದಲ್ಲಿದ್ದಾರೆ. ಕಂಪ್ಯೂಟರು ನನ್ನ ಬಾಡಿಗೆ ಮನೆಯ ಊಟದ ಮೇಜಿನ ಮೇಲಿದೆ. ಅಲ್ಪ ಹೊತ್ತು ಮಾತ್ರ ಹಿಡಿದಿಟ್ಟುಕೊಂಡು, ಬಳಸಿ, ಬಿಟ್ಟುಬಿಡುವ ನೆನಪಿಗೆ ಪಂಡಿತರು ಬೇರೆ ಬೇರೆ ಹೆಸರುಗಳನ್ನು ಕೊಟ್ಟಿದ್ದಾರೆ. ನಾನು ಅದನ್ನು ಕೈಯಲ್ಲಿನ ನೆನಪು ಎಂದು ಕರೆಯುತ್ತೇನೆ. ಬಾವಿಗೆ ಹೋದವರು ಹಗ್ಗವನ್ನು ಹಿಡಿದಿರುವಂತೆ ಅದು. ಹಿಡಿದಿರುವಷ್ಟು ಹೊತ್ತು ಮಾತ್ರ ಕೊಡ ಮೇಲೆ ಬರುತ್ತಿರುತ್ತದೆ.

ಇನ್ನೊಂದು ವಿಷಯವನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ವಿದ್ಯಾರ್ಥಿದೆಸೆಯಲ್ಲಿ ನಾನು ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು. ಪರವೋ ವಿರೋಧವೋ ಎಂಬುದನ್ನು ವೇದಿಕೆ ಹತ್ತುವ ಮುನ್ನ ಚೀಟಿ ಎತ್ತಿ ತಿಳಿಯುತ್ತಿದ್ದೆವು. ಯಾವುದು ಬಂದರೂ ಸಮರ್ಥಿಸುತ್ತಿದ್ದೆವು. ಆ ತರಬೇತಿಯಿಂದ ಎದುರಾಳಿಯ ವಾದವನ್ನು ಅದರ ಅತ್ಯಂತ ಬಲವಾದ ರೂಪದಲ್ಲಿ ಕೇಳಿಸಿಕೊಳ್ಳುವ ಅಭ್ಯಾಸ ಬಂತು. ಅದರ ಜೊತೆಗೆ, ಸರಿಯಾದ ಮಾತನ್ನು ಸರಿಯಾದ ಕ್ರಮದಲ್ಲಿ ಹೇಳಿದರೆ ಲೋಕ ತಿದ್ದಿಕೊಳ್ಳುತ್ತದೆ ಎಂಬ ನಂಬಿಕೆಯೂ ಬಂತು. ಈ ಎರಡನೆಯದನ್ನು ನಾನು ಪೂರ್ತಿಯಾಗಿ ಬಿಟ್ಟಿಲ್ಲ. ಆಲ್ದೂರಿನ ವಾಚನಾಲಯದಲ್ಲಿ ಆಗಾಗ ಕನ್ನಡದಲ್ಲಿ ವಿಜ್ಞಾನದ ಉಪನ್ಯಾಸ ಕೊಡುತ್ತೇನೆ. ಬರುವವರು ಕಡಿಮೆ. ಬಂದವರಲ್ಲಿ ಕೆಲವರು ಬಸ್ಸಿನ ಹೊತ್ತಿಗಾಗಿ ಕಾಯುತ್ತಿರುವವರು. ಅವರೂ ಕೇಳುತ್ತಾರೆ ಎಂಬುದು ನನ್ನ ಪಾಲಿಗೆ ಸಾಕು.

ಈಗ ಹೇಳಲಿರುವುದು ಕೊಟ್ಟಿಗೆಹಾರದ ಒಬ್ಬ ಜೀಪ್ ಮೆಕ್ಯಾನಿಕ್ಕಿನ ವಿಷಯ. ಊರಿನವರೆಲ್ಲ ಅವರನ್ನು ಕಾಕ ಎಂದು ಕರೆಯುತ್ತಾರೆ. ಚಾರ್ಮಾಡಿ ಘಾಟಿಗೆ ಇಳಿಯುವ ರಸ್ತೆಯ ಪಕ್ಕದಲ್ಲಿ ಅವರ ಗ್ಯಾರೇಜು. ಎದುರಿಗೆ ಒಂದು ಹೋಟೆಲು. ಬಾಳೂರಿನ ಕಡೆಯ ಎಸ್ಟೇಟುಗಳಿಗೆ ಆಳುಗಳನ್ನು ಸಾಗಿಸುವ ಜೀಪುಗಳು, ಕಳಸದ ಕಡೆಗೆ ಸಾಮಾನು ಒಯ್ಯುವ ಪಿಕಪ್ಪುಗಳು, ನನ್ನಂಥವರ ಹಳೆಯ ಕಾರುಗಳು ಎಲ್ಲವೂ ಅಲ್ಲಿಗೇ ಬರುತ್ತವೆ. ಬಿಡಿಭಾಗಗಳ ಕೌಂಟರನ್ನು ನೋಡಿಕೊಳ್ಳುವವಳು ಅವರ ಮಗಳು. ಗಂಡ ಕೊಲ್ಲಿ ದೇಶದಲ್ಲಿದ್ದುದರಿಂದ ಅವಳು ತಂದೆಯ ಜೊತೆಯಲ್ಲೇ ಇದ್ದು, ಅಂಗಡಿ ನಡೆಸುತ್ತ, ಬೇಕಾದಾಗ ಸ್ಪ್ಯಾನರನ್ನೂ ಹಿಡಿಯುತ್ತಿದ್ದಳು.

ಕಾಫಿ ಕೊಯ್ಲು ಆರಂಭವಾಗುವ ಕೆಲವು ತಿಂಗಳ ಮೊದಲು ಕಾಕನಿಗೆ ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿತು. ಮಂಗಳೂರಿನ ಆಸ್ಪತ್ರೆಗೆ ಘಾಟಿ ಇಳಿಸಿದವರು ಜೀಪಿನ ಚಾಲಕರೇ. ಅದೃಷ್ಟವಶಾತ್ ಬೇಗ ಚೇತರಿಸಿಕೊಂಡರು. ಎಡಗೈ ಸ್ವಲ್ಪ ನಿಧಾನವಾಯಿತು; ಮಾತಿನಲ್ಲಿ ಅಲ್ಲಲ್ಲಿ ತಡೆ ಬಂತು. ಹಳೆಯದೆಲ್ಲ ಹಾಗೆಯೇ ಇತ್ತು. ಯಾವ ಜೀಪಿಗೆ ಯಾವ ಊರಿನಲ್ಲಿ ಯಾವ ಗೇರ್‌ಬಾಕ್ಸ್ ಕೂರಿಸಿದ್ದು ಎಂಬುದನ್ನು ಅವರು ಮೊದಲಿನಂತೆಯೇ ಹೇಳುತ್ತಿದ್ದರು. ಕೊಯ್ಲಿನ ಹೊತ್ತಿಗೆ ಗ್ಯಾರೇಜಿಗೆ ಬಂದು ಕೆಲಸಕ್ಕೆ ಕೈ ಹಾಕಿದರು.

ಅವರು ಮರಳಿ ಬಂದ ಸುದ್ದಿ ಹರಡಿದ್ದೇ ತಡ, ಜನ ನೋಡಲು ಬರತೊಡಗಿದರು. ನಮ್ಮ ಕಡೆಯಲ್ಲಿ ಇದೊಂದು ಕರ್ತವ್ಯ. ಆಸ್ಪತ್ರೆಯಿಂದ ಬಂದವರನ್ನು ನೋಡದೆ ಇದ್ದರೆ ಅದನ್ನು ವರ್ಷಗಟ್ಟಲೆ ಎತ್ತಿ ಆಡುತ್ತಾರೆ. ಹಣ್ಣು ಹಿಡಿದುಕೊಂಡು ಬರುವುದು, ಪಕ್ಕದಲ್ಲಿ ನಿಲ್ಲುವುದು, ಭುಜದ ಮೇಲೆ ಕೈಯಿಟ್ಟು ಕೇಳುವುದು:

“ಕಾಕ, ನಾನು ಯಾರು ಹೇಳಿ ನೋಡಾಣ?”

ತಲೆಗೆ ಸಂಬಂಧಿಸಿದ ಕಾಯಿಲೆ ಎಂದ ಕೂಡಲೇ ಈ ಪ್ರಶ್ನೆ ಯಾರೂ ಕಲಿಸದೆ ಎಲ್ಲರ ಬಾಯಿಗೆ ಬರುತ್ತದೆ. ಅದರ ಹಿಂದೆ ಕುಹಕವಿಲ್ಲ. ‘ನನ್ನನ್ನು ಉಳಿಸಿಕೊಂಡಿದ್ದೀರಾ’ ಎಂದು ವಿಚಾರಿಸುವ ಒಂದು ರೀತಿ ಅದು. ಕಾಕ ಗುರುತು ಹೇಳಿದರೆ ಬಂದವರ ಮುಖ ಅರಳುತ್ತಿತ್ತು. ಆಮೇಲೆ ಪರೀಕ್ಷೆ ಮುಂದುವರಿಯುತ್ತಿತ್ತು: ಬೆಳಿಗ್ಗೆ ಏನು ತಿಂದಿರಿ, ಇವತ್ತು ಯಾವ ವಾರ, ನನ್ನ ತಮ್ಮನ ಹೆಸರೇನು. ಕಾಕ ಬಹುಪಾಲು ಪಾಸಾಗುತ್ತಿದ್ದರು. ಆಲ್ದೂರಿನ ಕಾಫಿ ವ್ಯಾಪಾರಿಯೊಬ್ಬರು ಕೇಳಿದಾಗ ಅವರು ತಲೆಯೆತ್ತದೆ ಕೊಟ್ಟ ಉತ್ತರ ಊರೆಲ್ಲ ಸುತ್ತಿತು.

“ನೀವಾ? ಕ್ಲಚ್ಚಿನ ಮೇಲೆ ಕಾಲಿಟ್ಕೊಂಡೇ ಗಾಡಿ ಓಡಿಸೋರು. ನಿಮ್ಮನ್ನ ಮರೆತ್ರೂ ನಿಮ್ಮ ಕ್ಲಚ್ ಪ್ಲೇಟ್ ಮರೆಯೋಕಾಗಲ್ಲ ಮಾರಾಯ್ರೆ.”

ಹೀಗೆ ಎಲ್ಲರೂ ಅವರು ಪೂರ್ತಿ ಗುಣವಾದರೆಂದು ಒಪ್ಪಿಕೊಂಡಿದ್ದ ಹೊತ್ತಿನಲ್ಲಿ ಒಂದು ಘಟನೆ ನಡೆಯಿತು. ಬಾಳೂರಿನ ಎಸ್ಟೇಟಿಗೆ ಹಣ್ಣು ಕೊಯ್ಯುವ ಹೆಂಗಸರನ್ನು ಕರೆದೊಯ್ಯುವ ಚಾಲಕನೊಬ್ಬ, ಬ್ರೇಕ್ ಕೆಲಸ ಮಾಡಿಸಿಕೊಂಡು ಹೋದ ಮರುದಿನ ಬೆಳಿಗ್ಗೆ, ಆಳುಗಳು ಹತ್ತುವ ಮುನ್ನ ಹಿಂದಿನ ಚಕ್ರದ ಒಳಮೈ ಒದ್ದೆಯಾಗಿರುವುದನ್ನು ಗಮನಿಸಿದ. ಬ್ರೇಕ್ ಆಯಿಲ್ ಪೈಪಿನ ನಟ್ಟನ್ನು ಬೆರಳಿನಲ್ಲಿ ತಿರುಗಿಸಿ ಕೂರಿಸಲಾಗಿತ್ತು, ಸ್ಪ್ಯಾನರಿನಿಂದ ಬಿಗಿದಿರಲಿಲ್ಲ. ಆ ಜೀಪು ಅಂದು ಹೊರಡಲಿಲ್ಲ. ಯಾರಿಗೂ ಏನೂ ಆಗಲಿಲ್ಲ. ಆದರೆ ಏನಾಗಬಹುದಿತ್ತು ಎಂಬುದನ್ನು ಆ ರಸ್ತೆ ಬಲ್ಲ ಯಾರಿಗೂ ವಿವರಿಸಬೇಕಾಗಿರಲಿಲ್ಲ.

ಚಾಲಕರು ತಮ್ಮೊಳಗೆ ಮಾತಾಡಿಕೊಂಡರು. ಕಾಕ ಗ್ಯಾರೇಜಿನಲ್ಲಿ ಕುಳಿತಿರಲಿ, ಸಲಹೆ ಕೊಡಲಿ. ಗಾಡಿಗೆ ಮಾತ್ರ ಕೈ ಹಾಕಕೂಡದು, ಹಾಕಿದರೆ ತಮ್ಮ ಜೀಪುಗಳನ್ನು ಮೂಡಿಗೆರೆಗೆ ಒಯ್ಯುತ್ತೇವೆ ಎಂಬ ನಿರ್ಧಾರಕ್ಕೆ ಬಂದರು. ಶುಕ್ರವಾರದ ನಮಾಜು ಮುಗಿದ ಮೇಲೆ ಗ್ಯಾರೇಜಿನಲ್ಲಿ ಕುಳಿತು ಅದನ್ನು ಅವರಿಗೆ ಹೇಳುವುದೆಂದಾಯಿತು. ಕಾಕನ ತಮ್ಮನಿಗೂ ಅದೇ ಸರಿಯೆನಿಸಿತ್ತು. ಮಗಳು ಮಾತ್ರ ಒಪ್ಪಿರಲಿಲ್ಲ.

ಈ ಸಂಗತಿ ನನಗೆ ತಿಳಿದದ್ದು ಆ ವಾರ ನನ್ನ ಕಾರಿನ ರೇಡಿಯೇಟರು ಸೋರಿದ್ದರಿಂದ. ಕಾರನ್ನು ಬಿಟ್ಟು ಕೌಂಟರಿನ ಬಳಿ ಕುಳಿತಿದ್ದಾಗ ಮಗಳು ಎಲ್ಲವನ್ನೂ ಹೇಳಿದಳು. ಅವಳ ಧ್ವನಿ ಏರಲಿಲ್ಲ. ಅಪ್ಪ ಮನೆಯಲ್ಲಿ ಸುಮ್ಮನೆ ಕೂತ ಮೊದಲ ವಾರಗಳನ್ನು ತಾನು ನೋಡಿದ್ದೇನೆ, ಅನ್ನದ ತಟ್ಟೆಯ ಮುಂದೆಯೂ ಅವರು ಸುಮ್ಮನೆ ಕೂರುತ್ತಿದ್ದರು ಎಂದಳು.

“ಸ್ಪ್ಯಾನರ್ ಹಿಡಿದ ಮೇಲೆನೇ ಮೇಡಂ ಅವ್ರು ಮನುಷ್ಯ ಆಗಿದ್ದು. ಅದನ್ನೂ ಕಿತ್ಕೊಂಡ್ರೆ ನಾವು ಆಸ್ಪತ್ರೆಯಿಂದ ಎಂತ ವಾಪಸ್ ತಂದ ಹಾಗಾಯ್ತು?”

ನಾನು ಕಾಕನನ್ನು ನೋಡುತ್ತ ಕುಳಿತೆ. ಅವರು ಒಂದು ಪಿಕಪ್ಪಿನ ಕೆಳಗಿನಿಂದ ಎದ್ದುಬಂದು ನನ್ನ ರೇಡಿಯೇಟರಿಗೆ ಕೈ ಹಚ್ಚಿದ್ದರು. ಪಕ್ಕದಲ್ಲಿ ಕಂಪ್ರೆಸರು ಗುಡುಗುತ್ತಿತ್ತು. ಯಾರೋ ತಗಡು ಬಡಿಯುತ್ತಿದ್ದರು. ರಸ್ತೆಯಲ್ಲಿ ಬಸ್ಸು ಹಾರನ್ ಒತ್ತಿ ಹಿಡಿದು ತಿರುವು ಹೊಡೆಯಿತು. ಯಾವುದೂ ಅವರನ್ನು ಮುಟ್ಟಿದಂತೆ ಕಾಣಲಿಲ್ಲ. ರಬ್ಬರ್ ಹೋಸನ್ನು ತೆಗೆದರು, ಒರೆಸಿದರು, ಹೊಸದನ್ನು ಕೂರಿಸಿದರು, ಮೇಲಿನ ಕ್ಲಿಪ್ಪನ್ನು ಬಿಗಿದರು, ಕೆಳಗಿನ ಕ್ಲಿಪ್ಪಿಗೆ ಸ್ಕ್ರೂಡ್ರೈವರ್ ಇಟ್ಟರು. ಆಗ ಹೋಟೆಲಿನಿಂದ ಒಬ್ಬ ಹಿರಿಯರು ರಸ್ತೆ ದಾಟಿ ಬಂದು, ಬಾನೆಟ್ಟಿನ ಮೇಲೆ ಕೈಯೂರಿ, ತಮ್ಮ ಗುರುತು ಸಿಕ್ಕಿತೇ ಎಂದು ವಿಚಾರಿಸಿದರು. ಕಾಕ ತಲೆಯೆತ್ತಿ ಯೋಚಿಸಿದರು. ಊರು ಹೇಳಿದರು, ಮನೆತನ ಹೇಳಿದರು. ಹಿರಿಯರು ಸಂತೋಷದಿಂದ ಅವರ ಬೆನ್ನು ತಟ್ಟಿದರು. ಕಾಕ ಮತ್ತೆ ಬಗ್ಗಿ, ಸ್ಕ್ರೂಡ್ರೈವರನ್ನು ಜೇಬಿಗೆ ಸೇರಿಸಿ, ನೀರು ತುಂಬಿಸಲು ಕ್ಯಾನ್ ಎತ್ತಿಕೊಂಡರು. ಕೆಳಗಿನ ಕ್ಲಿಪ್ಪು ಸಡಿಲವಾಗಿಯೇ ಇತ್ತು.

ನಾನು ಮಗಳಿಗೆ ತೋರಿಸಿದೆ. ಅವಳು ಹೋಗಿ ಕ್ಲಿಪ್ಪನ್ನು ಬಿಗಿದು ಬಂದಳು. ಪೈಪಿನ ನಟ್ಟು ಸಡಿಲವಾಗಿ ಉಳಿದ ದಿನ ಗ್ಯಾರೇಜಿಗೆ ಯಾರು ಬಂದಿದ್ದರು ಎಂದು ಕೇಳಿದೆ. ಅವಳು ಸ್ವಲ್ಪ ಯೋಚಿಸಿ, ಕಳಸದ ಕಡೆಯ ನೆಂಟರು ತುಂಬಿದ ಗಾಡಿಯಲ್ಲಿ ಬಂದಿದ್ದರು ಎಂದಳು. ಎಲ್ಲರೂ ಸರದಿಯ ಮೇಲೆ ತಮ್ಮ ಹೆಸರು ಕೇಳಿದ್ದರಂತೆ. ಒಬ್ಬರದ್ದೂ ತಪ್ಪಲಿಲ್ಲ ಎಂದು ಅವತ್ತು ಮನೆಯಲ್ಲಿ ಪಾಯಸ ಮಾಡಿದ್ದರಂತೆ.

ಮನೆಗೆ ಬಂದ ಮೇಲೆ ನಾನು ಮಾಡಿದ ಕೆಲಸವನ್ನು ವಿವರಿಸಲು ನನ್ನ ಮಾದರಿ ಎಂಥದೆಂಬುದನ್ನು ಮೊದಲು ಹೇಳಬೇಕು. ಕೊಯ್ಲಿನ ತೋಟವನ್ನು ಕಲ್ಪಿಸಿಕೊಳ್ಳಿ. ಹೆಂಗಸರು ಸಾಲುಸಾಲಾಗಿ ಗಿಡಗಳ ನಡುವೆ ಹರಡಿಕೊಂಡಿದ್ದಾರೆ, ಒಬ್ಬರಿಗೊಬ್ಬರು ಕಾಣುವುದಿಲ್ಲ. ಒಬ್ಬಳು ಪದ ಎತ್ತುತ್ತಾಳೆ. ಪಕ್ಕದವಳು ಸೇರಿಸುತ್ತಾಳೆ, ಅವಳಿಂದ ಅದರಾಚೆಯವಳು. ಮೊದಲು ಎತ್ತಿದವಳು ನೀರು ಕುಡಿಯಲು ನಿಂತರೂ ಹಾಡು ನಿಲ್ಲುವುದಿಲ್ಲ. ಉಳಿದವರಿಂದ ಕೇಳಿಸಿಕೊಂಡು ಅವಳೂ ಮತ್ತೆ ಸೇರುತ್ತಾಳೆ. ಹಾಡನ್ನು ಯಾರೊಬ್ಬರೂ ಇಟ್ಟುಕೊಂಡಿಲ್ಲ. ಒಬ್ಬರು ಇನ್ನೊಬ್ಬರಿಗೆ ಕೊಡುತ್ತಿರುವುದರಿಂದ ಅದು ಉಳಿದಿದೆ. ಕೈಯಲ್ಲಿನ ನೆನಪು ಹೀಗೆಯೇ ಉಳಿಯುತ್ತದೆ ಎಂಬುದು ನನ್ನ ಮಾದರಿಯ ತಳಹದಿ: ನರಕೋಶಗಳ ಒಂದು ಗುಂಪು ಪರಸ್ಪರ ಪ್ರಚೋದಿಸುತ್ತ, ಹೊರಗಿನ ಸಂಕೇತ ನಿಂತ ಮೇಲೂ ಮಿಡಿತದ ಒಂದು ವಿನ್ಯಾಸವನ್ನು ಸ್ವಲ್ಪ ಹೊತ್ತು ಜೀವಂತವಾಗಿಡುತ್ತದೆ. ಇನ್ನೊಂದು ಬಗೆಯ ಕೋಶಗಳು ಅಕ್ಕಪಕ್ಕದ ಗುಂಪುಗಳನ್ನು ಸುಮ್ಮನಿರಿಸುತ್ತವೆ. ಇಲ್ಲವಾದರೆ ತೋಟದಲ್ಲಿ ಒಂದೇ ಹೊತ್ತಿಗೆ ಹತ್ತಾರು ಹಾಡು ಎದ್ದು ಗದ್ದಲವಾಗುತ್ತದೆ. ಈ ಗುಂಪುಗಳು ಮಿದುಳಿನ ಒಂದೇ ಮೂಲೆಯಲ್ಲಿಲ್ಲ. ಮುಂಭಾಗದಿಂದ ಹಿಂಭಾಗದವರೆಗೆ ಉದ್ದುದ್ದ ಎಳೆಗಳಿಂದ ಹೆಣೆದುಕೊಂಡಿವೆ.

ನನ್ನ ಸಂಶೋಧನೆಯ ವಿಷಯವೇ ಆ ಉದ್ದದ ಎಳೆಗಳು. ಅವು ದುರ್ಬಲವಾದರೆ ಮೊದಲು ಏನು ಕೆಡುತ್ತದೆ? ಹಿಡಿದಿಡಬಲ್ಲ ವಿಷಯಗಳ ಸಂಖ್ಯೆ ಕಡಿಮೆಯಾಗುತ್ತದೆ ಎಂದು ನಾನು ಎಣಿಸಿದ್ದೆ. ಅದಕ್ಕಾಗಿ ಜಾಲಕ್ಕೆ ಒಂದು ವಿನ್ಯಾಸವನ್ನು ಕೊಟ್ಟು, ಕಾದು, ಅದು ಉಳಿದಿದೆಯೇ ಎಂದು ಅಳೆಯುತ್ತಿದ್ದೆ. ಎಳೆಗಳನ್ನು ಸಾಕಷ್ಟು ತೆಳುವಾಗಿಸಿದ ಮೇಲೂ ಒಂದೇ ವಿನ್ಯಾಸವಾದರೆ ಅದು ಆರಾಮಾಗಿ ಉಳಿಯುತ್ತಿತ್ತು. ನಡುವಿನ ಕಾಯುವ ಅವಧಿಯಲ್ಲಿ ಗೊತ್ತುಗುರಿಯಿಲ್ಲದ ಗದ್ದಲವನ್ನು ಸುರಿದರೂ ಹೆಚ್ಚು ಕೆಡುತ್ತಿರಲಿಲ್ಲ. ಇದರಿಂದ ನನಗೆ ನಿರಾಸೆಯಾಗಿತ್ತು. ಬರೆಯುವಂಥದ್ದೇನೂ ಸಿಕ್ಕಿಲ್ಲವೆಂದು ಮಾರ್ಗದರ್ಶಕರಿಗೆ ಹೇಳಿದ್ದೆ.

ಅಂದು ಸಂಜೆ ನಾನು ಬದಲಿಸಿದ್ದು ಒಂದನ್ನು ಮಾತ್ರ. ಕಾಯುವ ಅವಧಿಯ ನಡುವೆ ಗದ್ದಲದ ಬದಲು ಇನ್ನೊಂದು ಅರ್ಥವುಳ್ಳ ವಿನ್ಯಾಸವನ್ನು ಒಡ್ಡಿ, ಅದಕ್ಕೆ ಉತ್ತರ ಕೊಡಲೇಬೇಕೆಂಬ ನಿಬಂಧನೆಯನ್ನು ಸೇರಿಸಿದೆ. ಆರೋಗ್ಯವಾಗಿದ್ದ ಜಾಲ ಉತ್ತರ ಕೊಟ್ಟು, ಮೊದಲಿನದಕ್ಕೆ ಹಿಂದಿರುಗಿತು. ಎಳೆಗಳು ತೆಳುವಾಗಿದ್ದ ಜಾಲ ಉತ್ತರವನ್ನೇನೋ ಸರಿಯಾಗಿಯೇ ಕೊಟ್ಟಿತು. ಮೊದಲಿನದು ಮಾತ್ರ ಆರಿಹೋಗಿತ್ತು. ಪ್ರಶ್ನೆಗೆ ಸರಿಯುತ್ತರ ಬಂದಾಗಲೆಲ್ಲ ಕೈಯಲ್ಲಿದ್ದದ್ದು ಬಿದ್ದುಹೋಗುತ್ತಿತ್ತು. ಹಲವು ಬಾರಿ ಓಡಿಸಿದೆ. ಫಲಿತಾಂಶ ಬದಲಾಗಲಿಲ್ಲ.

ಇಲ್ಲಿ ನಾನು ಎಚ್ಚರದಿಂದ ಮಾತಾಡಬೇಕು. ನನ್ನ ಜಾಲ ಕಾಕನ ಮಿದುಳಲ್ಲ. ಅದು ಊಟದ ಮೇಜಿನ ಮೇಲೆ ಓಡುವ ಕೆಲವು ನೂರು ಸಮೀಕರಣಗಳು. ಅದಕ್ಕೆ ಊರಿಲ್ಲ, ನೆಂಟರಿಲ್ಲ, ಎಡಗೈಯೂ ಇಲ್ಲ. ಒಬ್ಬ ಮನುಷ್ಯನಿಗೆ ಏನಾಗಿದೆ ಎಂಬುದನ್ನು ಅದು ಸಾಬೀತುಪಡಿಸಲಾರದು. ಎಲ್ಲಿ ನೋಡಬೇಕು ಎಂದು ಬೆರಳು ತೋರಿಸಬಲ್ಲದು, ಅಷ್ಟೇ. ಆದ್ದರಿಂದ ನಾನು ಮಗಳಿಗೆ ಫೋನಿನಲ್ಲಿ ಎರಡು ಕೆಲಸ ಹೇಳಿದೆ. ಮಂಗಳೂರಿನ ವೈದ್ಯರನ್ನು ಕೇಳುವುದು ಒಂದು. ಶುಕ್ರವಾರದವರೆಗೆ, ತಂದೆ ಕೆಲಸದಲ್ಲಿರುವಾಗ ಯಾರನ್ನೂ ಹತ್ತಿರ ಬಿಡದೆ, ಮುಗಿದ ಮೇಲೆ ಪ್ರತಿ ನಟ್ಟನ್ನೂ ತಾನೇ ಪರೀಕ್ಷಿಸುವುದು ಇನ್ನೊಂದು. ವೈದ್ಯರು, ಇದು ನಂಬಬಹುದಾದ ಮಾತು, ಇಂಥವರನ್ನು ಕೆಲಸದ ನಡುವೆ ಮಾತಾಡಿಸಿದರೆ ಕಷ್ಟವಾಗುತ್ತದೆ, ಕೆಲಸ ಮಾಡಲಿ, ಆದರೆ ಮಾಡಿದ್ದನ್ನು ಇನ್ನೊಬ್ಬರು ನೋಡಲೇಬೇಕು ಎಂದರಂತೆ. ಆ ದಿನಗಳಲ್ಲಿ ಅವಳಿಗೆ ಸಡಿಲ ನಟ್ಟು ಸಿಗಲಿಲ್ಲ. ಜನರನ್ನು ತಡೆಯುವುದೇ ದೊಡ್ಡ ಕೆಲಸವಾಯಿತೆಂದಳು. ದೂರದಿಂದ ಬಂದ ಸೋದರತ್ತೆಯೊಬ್ಬರು ಹಣ್ಣಿನ ಚೀಲವನ್ನು ಕೌಂಟರಿನ ಮೇಲೆ ಕುಕ್ಕಿ ಹಿಂದಿರುಗಿದ್ದರು.

ಶುಕ್ರವಾರ ಮಧ್ಯಾಹ್ನ ನಾನು ಹೋದಾಗ ಚಾಲಕರು ಟೈರುಗಳ ಮೇಲೆ, ಬೆಂಚಿನ ಮೇಲೆ ಕುಳಿತಿದ್ದರು. ಬಾಳೂರಿನ ಜೀಪಿನವನು ನಿಂತೇ ಇದ್ದ. ಕಾಕ ಬಿಳಿ ಟೋಪಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು, ತಮ್ಮ ವಿಷಯವನ್ನು ತಾವಲ್ಲದ ಉಳಿದವರೆಲ್ಲ ಮಾತಾಡುವುದನ್ನು ಕೇಳುತ್ತಿದ್ದರು. ಅವರ ತಮ್ಮ, ಅಣ್ಣನ ಗೌರವಕ್ಕೆ ಕುಂದು ಬರದಂತೆ ಇದನ್ನು ಮುಗಿಸೋಣ, ಇಷ್ಟು ವರ್ಷ ದುಡಿದಾಯಿತು, ಇನ್ನು ವಿಶ್ರಾಂತಿ ಎಂದು ತಿಳಿದರೆ ಸಾಕು ಎಂದರು.

ನಾನು ಅನುಮತಿ ಕೇಳಿ ಮಾತಾಡಿದೆ. ಮೊದಲು ವಿರೋಧ ಪಕ್ಷವನ್ನೇ ಎತ್ತಿಕೊಂಡೆ. ಬ್ರೇಕಿನ ವಿಷಯದಲ್ಲಿ ಕರುಣೆಗೆ ಜಾಗವಿಲ್ಲ, ಜೀಪಿನಲ್ಲಿ ಕೂರುವ ಹೆಂಗಸರ ಜೀವಕ್ಕಿಂತ ಯಾರ ಗೌರವವೂ ದೊಡ್ಡದಲ್ಲ, ಆದ್ದರಿಂದ ಚಾಲಕರ ಆತಂಕ ನ್ಯಾಯವಾದದ್ದು ಎಂದೆ. ಆಮೇಲೆ ತೋಟದ ಹಾಡಿನ ಉದಾಹರಣೆ ಕೊಟ್ಟೆ. ನನ್ನ ರೇಡಿಯೇಟರಿನ ಕ್ಲಿಪ್ಪಿನ ಕಥೆ ಹೇಳಿದೆ, ಮಾದರಿಯ ಫಲಿತಾಂಶ ಹೇಳಿದೆ, ವೈದ್ಯರ ಮಾತನ್ನು ಸೇರಿಸಿದೆ. ನಟ್ಟು ಸಡಿಲವಾಗಿ ಉಳಿಯಲು ಕಾಕನ ಕಾಯಿಲೆ ಎಷ್ಟು ಕಾರಣವೋ ನಮ್ಮ ವಿಚಾರಣೆಯೂ ಅಷ್ಟೇ ಕಾರಣ, ಕಾಯಿಲೆಯನ್ನು ನಾವು ತೆಗೆಯಲಾರೆವು, ವಿಚಾರಣೆಯನ್ನು ನಿಲ್ಲಿಸಬಲ್ಲೆವು ಎಂದು ಮುಗಿಸಿದೆ. ವಾದ ಕ್ರಮಬದ್ಧವಾಗಿತ್ತು. ಕೆಲವರು ತಲೆದೂಗಿದರು.

ಬಾಳೂರಿನ ಚಾಲಕ ತಲೆದೂಗಲಿಲ್ಲ.

“ಮೇಡಂ, ನೀವು ಹೇಳಿದ್ರೆ ಹೌದು ಅನ್ಸ್ತದೆ. ನಾಳೆ ನೀವೇ ಉಲ್ಟಾ ಹೇಳಿದ್ರೂ ಹೌದು ಅನ್ಸಬಹುದು. ನಂಗೆ ಅದೇ ಹೆದರಿಕೆ. ಕಾಕನ ಮೇಲೆ ಪ್ರೀತಿ ಇಲ್ದೆ ಅಲ್ಲ; ಆಸ್ಪತ್ರೆಗೆ ಇಳಿಸಿದ್ದೂ ನಾನೇ. ಆದ್ರೆ ಬ್ರೇಕ್ ಇಲ್ಲ ಅಂತ ಗೊತ್ತಾಗೋ ಹೊತ್ತಿಗೆ ಹಿಂದೆ ಕೂತ ಹೆಂಗಸರು ಎಲ್ಲಿ ಇಳೀತಾರೆ, ಅದು ಹೇಳಿ.”

ವೇದಿಕೆಯ ಮೇಲಾಗಿದ್ದರೆ ಏನನ್ನಾದರೂ ಹೇಳುತ್ತಿದ್ದೆ. ಅವನು ಕೇಳಿದ್ದು ನ್ಯಾಯವಾದ ಪ್ರಶ್ನೆ.

ಆಗ ಕಾಕ ಮಾತಾಡಲು ಬಾಯಿ ತೆರೆದರು. ಒಂದು ಪದ ಬಂತು, ನಿಂತಿತು. ಅವರ ತಮ್ಮ ಕೂಡಲೇ, ನೀನು ಆಯಾಸ ಮಾಡ್ಕೋಬೇಡ ಎಂದರು. ಟೈರಿನ ಮೇಲೆ ಕುಳಿತಿದ್ದ ಒಬ್ಬ, ನೀರು ಬೇಕಾ ಕಾಕ ಎಂದ. ಇನ್ನೊಬ್ಬ, ಅವರು ಹೇಳಲು ಹೊರಟದ್ದನ್ನು ತಾನೇ ಊಹಿಸಿ ಪೂರೈಸಲು ನೋಡಿದ. ಕಾಕ ಅವರವರ ಕಡೆಗೆ ತಿರುಗಿ ಅವರವರಿಗೆ ಉತ್ತರ ಕೊಟ್ಟರು: ಆಯಾಸವಿಲ್ಲ, ನೀರು ಬೇಡ, ಅದಲ್ಲ. ಆಮೇಲೆ ಸುಮ್ಮನಾದರು. ಹೇಳಬೇಕೆಂದಿದ್ದುದು ಹೋಗಿಬಿಟ್ಟಿತ್ತು. ಅದು ಹೋದದ್ದನ್ನು ಅಲ್ಲಿದ್ದ ಎಲ್ಲರೂ ನೋಡಿದರು.

ಮಗಳು ಕೌಂಟರಿನಿಂದ ಎದ್ದು ಬಂದು ನಡುವೆ ನಿಂತಳು. “ಇನ್ನು ಯಾರೂ ಬಾಯಿ ಬಿಡ್ಬೇಡಿ,” ಎಂದಳು. “ಅವ್ರಿಗೆ ಸಿಗೋ ತನಕ.”

ಯಾರೂ ಬಾಯಿ ಬಿಡಲಿಲ್ಲ. ಒಂದು ಲಾರಿ ಏರು ಹತ್ತಿ ಹೋಯಿತು. ಹೋಟೆಲಿನವನು ಟೀ ಲೋಟಗಳನ್ನು ತಂದಿಟ್ಟು, ಎಲ್ಲರ ಮುಖ ನೋಡಿ, ಏನೂ ಕೇಳದೆ ಹಿಂದಿರುಗಿದ. ಹೆಂಗಸರು ಎಲ್ಲಿ ಇಳಿಯಬೇಕು ಎಂದು ಕೇಳಿದವನನ್ನೇ ಕಾಕ ದಿಟ್ಟಿಸುತ್ತಿದ್ದರು. ಸುಮ್ಮನಿರುವುದು ಅಷ್ಟು ಕಷ್ಟವೆಂದು ನನಗೆ ಮೊದಲು ತಿಳಿದಿರಲಿಲ್ಲ.

“ಗಾಟಿಯ ತಿರುವಲ್ಲಿ,” ಎಂದರು ಕಾಕ. ಮಾತು ತಡೆಯಿತು. “ಮಂಜು ಬಂದಾಗ. ಹಿಂದೆ ಕೂತವ್ರು ಮಾತಾಡ್ಸಿದ್ರೆ ನೀನು ಬೈತೀಯ.”

ಚಾಲಕ ಏನೋ ಹೇಳಲು ಹೊರಟವನು ಮಗಳ ಕೈ ಮೇಲೇಳುವುದನ್ನು ನೋಡಿ ತಡೆದುಕೊಂಡ.

“ಬೈದ್ರೆ... ನಿಂಗೆ ಗಾಡಿ ಓಡ್ಸೋಕೆ ಬರಲ್ಲ ಅಂತಲ್ಲ. ಆ ತಿರುವಿಗೆ ಅಷ್ಟು ಗಮನ ಬೇಕು, ಅದಕ್ಕೆ.” ಎಡಗೈಯ ಬೆರಳುಗಳನ್ನು ಬಲಗೈಯಿಂದ ಒಂದೊಂದಾಗಿ ಬಿಡಿಸಿದರು. “ನಂಗೀಗ ಒಂದೊಂದು ನಟ್ಟೂ ಆ ತಿರುವೇ. ತಿರುವು ಮುಗೀಲಿ. ಆಮೇಲೆ ನೀವು ಯಾರು ಅಂತ ಎಲ್ರಿಗೂ ಹೇಳ್ತೀನಿ.”

ಯಾರೋ ನಕ್ಕರು. ಚಾಲಕ ನಗಲಿಲ್ಲ, ನೆಲ ನೋಡುತ್ತ ನಿಂತಿದ್ದ. ಆಮೇಲೆ ಮಗಳ ಕಡೆ ತಿರುಗಿ, ಚಕ್ರ ಹಾಕುವ ಮುಂಚೆ ಪ್ರತಿ ನಟ್ಟಿಗೂ ಎರಡನೆಯವರು ಸ್ಪ್ಯಾನರ್ ಹಾಕಿ ನೋಡಬೇಕು, ಅದೂ ತನ್ನ ಕಣ್ಣ ಮುಂದೆ ಎಂದ. ಅವಳು ಒಪ್ಪಿದಳು. “ನಾಳೆ ನನ್ನ ಜೀಪೇ ತರ್ತೀನಿ ಹಂಗಾದ್ರೆ,” ಎಂದು ತಣ್ಣಗಾದ ಟೀಯನ್ನು ನಿಂತೇ ಕುಡಿದ.

ಅಂದಿನಿಂದ ಗ್ಯಾರೇಜಿನ ಬೆಂಚು ರಸ್ತೆಯಾಚೆ, ಹೋಟೆಲಿನ ಮುಂದೆ ಇದೆ. ನೋಡಲು ಬಂದವರು ಅಲ್ಲಿ ಕೂರಬೇಕು; ಕಾಕ ಕೈ ಒರೆಸಿಕೊಂಡು ಎದ್ದ ಮೇಲೆ ಅವರೇ ದಾಟಿ ಬರುತ್ತಾರೆ. ಈ ಏರ್ಪಾಡು ಎಲ್ಲರಿಗೂ ಹಿಡಿಸಿದೆ ಎಂದರೆ ಸುಳ್ಳಾಗುತ್ತದೆ. ಜೀವ ಉಳಿದದ್ದೇ ತಡ ಜಂಬ ಬಂತು ಎಂದು ಕೆಲವರು ಆಡಿಕೊಂಡರು. ಸೋದರತ್ತೆಯವರು ಇನ್ನೂ ಬಂದಿಲ್ಲ. ಒಮ್ಮೆ ಕೆಲಸದ ನಡುವೆ ಫೋನು ಬಡಿದುಕೊಂಡಾಗ ಆಯಿಲ್ ಚೇಂಬರಿನ ಬಿರಡೆ ಸಡಿಲವಾಗಿ ಉಳಿದಿತ್ತು. ಎರಡನೆಯ ಪರೀಕ್ಷೆಯಲ್ಲಿ ಸಿಕ್ಕಿತು. ಅಂದಿನಿಂದ ಅವರ ಫೋನು ಮಗಳ ಕೌಂಟರಿನಲ್ಲಿದೆ. ಕಾಕ ಮೊದಲಿನಷ್ಟು ಗಾಡಿಗಳನ್ನು ಮುಗಿಸುವುದಿಲ್ಲ. ಒಂದು ಗಾಡಿ ಮುಗಿಯುವ ತನಕ ಇನ್ನೊಂದಕ್ಕೆ ಕೈ ಹಾಕುವುದಿಲ್ಲ. ಹಿಂದೆ ಮೂರ್ನಾಲ್ಕು ಗಾಡಿಗಳ ನಡುವೆ ಓಡಾಡುತ್ತಿದ್ದವರು ಅವರು. ಆದರೆ ಬೆಳಿಗ್ಗೆ ಗ್ಯಾರೇಜಿನ ಬಾಗಿಲನ್ನು ತೆರೆಯುವವರು ಅವರೇ. ಬಾಳೂರಿನ ಜೀಪು ಅವರಲ್ಲಿಗೇ ಬರುತ್ತದೆ.

ನನ್ನ ಫಲಿತಾಂಶವನ್ನು ಮಾರ್ಗದರ್ಶಕರು ಪರಿಶೀಲಿಸುತ್ತಿದ್ದಾರೆ. ಸಮೀಕರಣದ ಒಂದು ಪದವನ್ನು ನಾನು ಸಮರ್ಥಿಸಿಲ್ಲ ಎಂಬುದು ಅವರ ಆಕ್ಷೇಪ. ಅದು ಸರಿಯಾದ ಆಕ್ಷೇಪವೇ, ಉತ್ತರಕ್ಕೆ ಇನ್ನೂ ಕೆಲಸವಿದೆ. ಆ ಉತ್ತರ ಯಾವ ಕಡೆ ಬಂದರೂ, ಗ್ಯಾರೇಜಿನಲ್ಲಿ ನಾವೆಲ್ಲ ಸುಮ್ಮನೆ ಕಾದಾಗ ಒಬ್ಬರು ತಮ್ಮ ಮಾತನ್ನು ಪೂರೈಸಿದ್ದು ಹಾಗೆಯೇ ಉಳಿಯುತ್ತದೆ. ವಿಜ್ಞಾನ ಊರಿಗೆ ಬರುವುದೆಂದರೆ ಯಂತ್ರ ಬರುವುದು, ಔಷಧ ಬರುವುದು ಎಂದು ನಾವು ತಿಳಿದಿದ್ದೇವೆ. ಒಂದು ಅಭ್ಯಾಸವನ್ನು ಬಿಡುವುದಾಗಿಯೂ ಅದು ಬರಬಹುದು. ಇದಕ್ಕೆ ಖರ್ಚಿಲ್ಲ, ಸರ್ಕಾರದ ಆದೇಶವೂ ಬೇಕಿಲ್ಲ. ಸ್ವಲ್ಪ ಹೊತ್ತು ಬಾಯಿ ಮುಚ್ಚಿಕೊಂಡಿರಬೇಕು.

ನಿಮ್ಮ ಊರಿನಲ್ಲಿಯೂ ಇಂಥವರು ಇರುತ್ತಾರೆ. ಮಿದುಳಿನ ಪೆಟ್ಟಿನಿಂದ ಎದ್ದು, ಹೊಲಿಗೆ ಯಂತ್ರಕ್ಕೋ, ಅಡುಗೆಮನೆಗೋ, ಅಂಗಡಿಯ ತಕ್ಕಡಿಗೋ ಮರಳಿದವರು. ಅವರನ್ನು ನೋಡಲು ದಯವಿಟ್ಟು ಹೋಗಿ. ಹೋದಾಗ ಮೊದಲು ಅವರ ಕೈಗಳನ್ನು ನೋಡಿ. ಕೈಯಲ್ಲಿ ಕೆಲಸವಿದ್ದರೆ ದೂರದಲ್ಲಿ ಕುಳಿತು ಕಾಯಿರಿ. ಅವರು ಅದನ್ನು ಮುಗಿಸಿ ತಲೆಯೆತ್ತಿದ ಮೇಲೆ, ನೀವು ಯಾರೆಂದು ಕೇಳಬೇಡಿ. ನಿಮ್ಮ ಹೆಸರನ್ನು ನೀವೇ ಹೇಳಿ ಮಾತು ಆರಂಭಿಸಿ.